ಎರಡು ಕೈಯಲ್ಲಿ ಹಿಟ್ಟಿನುಂಡೆ
ಮಕ್ಕಳ ಪೈಜಾಮ ಮೊಣಕಾಲಿನ ಹತ್ತಿರ ಸವೆಯುವುದು ಲೋಕರೂಢಿ. ನಮ್ಮ ಮನೆಯ ಕಿರಿಯ ಮೊಮ್ಮಗ ಸಿದ್ದುವಿನದು ಮಾತ್ರ ಹಿಂಭಾಗದಲ್ಲಿ ಸವೆಯುತ್ತಿತ್ತು. ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದರೆ ತೂತಿನೊಳಗಿಂದ ನಮ್ಮೂರು ಮಾದನಹಿಪ್ಪರಗಾದ ಆಕಾಶ ಕಾಣುತ್ತಿತ್ತು. ಮೊಮ್ಮಕ್ಕಳೇ, ನೀವೆಲ್ಲ ಅಂಬೆಗಾಲಿಟ್ಟು ಬಂದವರು. ಇವನೋ ಕುಳಿತಲ್ಲಿಂದಲೇ ಒಂದು ಕಾಲು ಮಡಚಿ, ಕೈಯನ್ನು ನೆಲಕ್ಕೆ ಹುಟ್ಟಿನಂತೆ ಊರಿ, ದೋಣಿಯ ಹಾಗೆ ಮನೆಯೆಲ್ಲ ಸಂಚರಿಸುತ್ತಿದ್ದ.

ಒಂದೂವರೆ ವರ್ಷ ತುಂಬಿದರೂ ಅವನು ಎದ್ದು ನಿಲ್ಲಲಿಲ್ಲ. ಡಾಕ್ಟರು ಕಾಲು ಬಗ್ಗಿಸಿ, ಸೊಂಟ ತಿರುಗಿಸಿ ನೋಡಿ, ಎಲ್ಲ ಸರಿಯಿದೆ, ಹೀಗೆ ಕೂತು ಸರಿಯುವ ಮಕ್ಕಳು ನಡೆಯುವುದು ತುಸು ತಡ, ಇನ್ನೆರಡು ತಿಂಗಳು ಬಿಟ್ಟು ಕರೆತನ್ನಿ ಎಂದಿದ್ದರು. ಆದರೂ ಅವನ ತಾಯಿ, ನನ್ನ ಸೊಸೆ ಸವಿತಾ, ಆಳಂದದಿಂದ ಕೆಲಸ ಮುಗಿಸಿ ಬಂದವಳೇ ಅವನ ಪಾದಗಳನ್ನು ಅಂಗೈಯಲ್ಲಿಟ್ಟು ಸುಮ್ಮನೆ ಒತ್ತುತ್ತ ಕೂರುವಳು.

ಅಫಜಲಪುರದಿಂದ ಬಂದಿದ್ದ ನನ್ನ ಅಕ್ಕನಿಗೆ ಡಾಕ್ಟರಿಗಿಂತ ಬೇಗ ಕಾರಣ ಸಿಕ್ಕಿತು. ನನ್ನತ್ತಲೇ ಬೆರಳು ಮಾಡಿದಳು: "ಆ ಕೂಸಿಂದೇನು ತಪ್ಪದಬೇ? ನೀ ಒಲಿ ಮುಂದಿಂದ ನೀರಿನ ಕೊಡದ ತನಕ ಕೂತಲ್ಲೇ ಸರಕೊಂತ ಹೋಗ್ತಿ, ಅದೂ ಸರಕೊಂತ ಬರ್ತದ. ಪಾಠ ಹೇಳಾಕಿ ನೀನೇ ಅಲ್ಲೇನು!"

ಸವಿತಾ ನಕ್ಕಳು, ಆದರೆ ಪೂರ್ತಿ ನಗಲಿಲ್ಲ.

ಅಕ್ಕ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಗ ಎತ್ತರದ ಅಡುಗೆ ಕಟ್ಟೆ ಕಟ್ಟಿಸಿದ್ದರೂ ನಾನು ಅದರ ಬುಡದಲ್ಲಿ, ನೆಲದ ಮೇಲೆಯೇ ಒಲೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದೆ. ಬಾಯಲ್ಲಿ ಹೇಳಿದ್ದು ಅಭ್ಯಾಸದ ನೆಪ. ಮನಸ್ಸಿನಲ್ಲಿದ್ದುದು ಕಟ್ಟೆಯ ಮೇಲಿನ ಕಿಟಕಿ. ಅದು ಬಸ್ಸು ನಿಲ್ಲುವ ರಸ್ತೆಗೆ ತೆರೆದಿದೆ. ಮದುವೆಯಾಗಿ ಬಂದಾಗಿನಿಂದ ಬಾಗಿಲ ಮರೆಯಲ್ಲಿ ನಿಂತೇ ಮಾತಾಡಿದವಳು ನಾನು. ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಹೋದ ಮೇಲಂತೂ ನಾಲ್ಕು ಜನರ ಕಣ್ಣಿಗೆ ಬೀಳುವುದೆಂದರೆ ವೇದಿಕೆ ಹತ್ತಿ ಭಾಷಣ ಮಾಡಿದಷ್ಟೇ ಸಂಕಟ.

ಒಂದು ಸಂಜೆ ನಮ್ಮ ದೋಣಿ ಸದ್ದಿಲ್ಲದೆ ಬಂದು ಕಾದ ಹಂಚಿಗೆ ಕೈ ಚಾಚಿತು. ತಟ್ಟನೆ ಎಳೆದುಕೊಂಡೆ. ಅವನಿಗೇನೂ ಆಗಲಿಲ್ಲ. ಮರುದಿನ ಒಲೆ, ಹಂಚು, ಹಿಟ್ಟು ನಾದುವ ಪರಾತ ಎಲ್ಲವೂ ಕಟ್ಟೆ ಏರಿದವು. ಅವುಗಳ ಹಿಂದೆ ನಾನೂ ಎದ್ದು ನಿಂತೆ.

ಹಾಲು ಹಾಕುವ ಮಲ್ಲಮ್ಮ ರಸ್ತೆಯಿಂದಲೇ ಕೂಗಿದಳು: "ಯವ್ವಾ, ಆಯಿ ನಿಂತಾರಲ್ರಿ! ಇಷ್ಟು ಎತ್ತರ ಅದೀರೇನ್ರಿ ನೀವು?" ಸೆರಗು ಎಳೆದುಕೊಳ್ಳೋಣವೆಂದರೆ ಎರಡೂ ಕೈಗೆ ಹಿಟ್ಟು. ಬೇರೆ ದಾರಿ ಕಾಣದೆ ನಕ್ಕುಬಿಟ್ಟೆ.

ಕೆಳಗೆ ಸಿದ್ದುವಿಗೆ ಘೋರ ಅನ್ಯಾಯವಾಗಿತ್ತು. ಬಡಿಯುವ ಸದ್ದು ಕೇಳುತ್ತದೆ, ರೊಟ್ಟಿ ಕಾಣುವುದಿಲ್ಲ. ಅಳುತ್ತ ನನ್ನ ಸೀರೆ ಜಗ್ಗಿದ. ದಿನವೂ ಜಗ್ಗುತ್ತ ಜಗ್ಗುತ್ತ ಒಮ್ಮೆ ಅದನ್ನೇ ಹಿಡಿದು ಎದ್ದುಬಿಟ್ಟ. ಕಾಲುಗಳು ಎಳೆಗರುವಿನವುಗಳಂತೆ ನಡುಗುತ್ತಿದ್ದವು. ಬಹುಮಾನವೆಂದು ಚೂರು ಹಿಟ್ಟು ಕೊಟ್ಟೆ. ಅಂದಿನಿಂದ ಅದೇ ನಮ್ಮಿಬ್ಬರ ವ್ಯವಹಾರ: ಅವನು ಎದ್ದರೆ ನಾನು ಹಿಟ್ಟು ಕೊಡಬೇಕು.

ಆಸೆ ಬೆಳೆದು ಅವನು ಇನ್ನೊಂದು ಕೈಯನ್ನೂ ಒಡ್ಡಿದ ದಿನ ಎರಡು ಉಂಡೆ ಕೊಟ್ಟೆ. ಆಗಲೇ ಬಸ್ಸಿಳಿದು ಬಂದ ಸವಿತಾ ಬಾಗಿಲಲ್ಲಿ ಕಂಡಳು. ಅವ್ವನಿಗೆ ಉಂಡೆ ತೋರಿಸಬೇಕು. ಸರಿಯಬೇಕಾದರೆ ಕೈ ಊರಬೇಕು. ಕೈ ಊರಿದರೆ ಉಂಡೆ ಬಿಡಬೇಕು. ಅವನು ಉಂಡೆ ಬಿಡಲಿಲ್ಲ. ಮುಷ್ಟಿಗಳನ್ನು ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ, ಪುಟ್ಟ ಪೈಲ್ವಾನನಂತೆ ತೂರಾಡುತ್ತ ಬಾಗಿಲ ತನಕ ನಡೆದ.

ಸವಿತಾ ಚೀಲ ಕೆಳಗಿಟ್ಟು ಹೊಸ್ತಿಲಲ್ಲೇ ಕೂತು ಅವನತ್ತ ಕೈ ಚಾಚಿದಳು. "ಅತ್ತಿ, ನಡದಾನ್ರಿ! ನೋಡಿದ್ರೇನ್ರಿ?"

"ನೋಡೇನವ್ವ. ಮೊದ್ಲು ಅವನ ಉಂಡಿ ನೋಡು, ಇಲ್ಲಾಂದ್ರ ಸಿಟ್ಟಿಗೇಳ್ತಾನ."

ಅವನ ಕಾಲು ಗಟ್ಟಿಯಾಗಲೆಂದು ನಾವೆಲ್ಲ ಕಾಯುತ್ತಿದ್ದೆವು; ಅವನು ಕಾಯುತ್ತಿದ್ದುದು ಕೈ ತುಂಬಲೆಂದು. ಕೈತುಂಬ ಹಿಟ್ಟಿದ್ದು ಸೆರಗೆಳೆಯಲಾಗದೆ ಕಿಟಕಿಯ ಮುಂದೆ ನಿಂತ ನನ್ನ ಸಂಗತಿಯೂ ಅದೇ ಇರಬಹುದು.

ಈಗ ಪೈಜಾಮದ ಹಿಂಭಾಗ ಭದ್ರವಾಗಿದೆ. ಬಿದ್ದು ಏಳುವ ಪುಣ್ಯಾತ್ಮನಾದ್ದರಿಂದ ಮೊಣಕಾಲಲ್ಲಿ ಹೊಸ ತೂತು ಬಿದ್ದಿದೆ. ನನ್ನ ಸೀರೆಗಳ ಮೇಲೂ ಅವನೆತ್ತರದಲ್ಲಿ ಹಿಟ್ಟಿನ ಬೆರಳ ಗುರುತು. ಪೈಜಾಮ, ಸೀರೆ ಎರಡನ್ನೂ ಒಗೆದು ಒಂದೇ ಹಗ್ಗಕ್ಕೆ ಹಾಕುತ್ತೇನೆ. ಹಿತ್ತಲಲ್ಲಿದ್ದ ಆ ಹಗ್ಗವನ್ನು ಈಗ ರಸ್ತೆಯ ಕಡೆಗೆ ಕಟ್ಟಿಸಿದ್ದೇನೆ.