ಡಿಸ್ಕಿನ ಮೇಲಿನ ವಿಭೂತಿ

ಗುಂಯ್ ಎಂದು ಒಂದರ ಹಿಂದೆ ಒಂದು, ನಾಲ್ಕು ಸಲ. ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಕಂಪ್ಯೂಟರಿನ ಪಕ್ಕದ ಕಬ್ಬಿಣದ ಡಬ್ಬಿಯಿಂದ ಬರುತ್ತಿದ್ದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತೊಂಬತ್ತರ ದಶಕದ ಕೊನೆ. ಆಳಂದದಲ್ಲಿ ನಮ್ಮವರದು ಮದುವೆ ವಿಡಿಯೋ ಸ್ಟುಡಿಯೋ. ಅಫಜಲಪುರ, ಜೇವರ್ಗಿ ಕಡೆಯ ಮದುವೆಗಳೂ ಬರುತ್ತಿದ್ದವು. ಶೂಟಿಂಗ್ ಅವರದು, ಕಾನ್ವೆಂಟಿನಲ್ಲಿ ಓದಿದವಳೆಂದು ಎಡಿಟಿಂಗ್, ಟೈಟಲ್ ನನ್ನದು.

ಡಬ್ಬಿಯೊಳಗೆ ಒಂದರ ಕೆಳಗೊಂದು ಕುಳಿತ ನಾಲ್ಕು ಹಾರ್ಡ್ ಡಿಸ್ಕುಗಳು ಸೇರಿ ಒಂದೇ ಡಿಸ್ಕಿನಂತೆ ನಡೆಯುತ್ತಿದ್ದವು. ಪ್ರತಿಯೊಂದು ಮದುವೆಯೂ ಚೂರುಚೂರಾಗಿ ನಾಲ್ಕರಲ್ಲೂ ಹಂಚಿಹೋಗಿರುತ್ತಿತ್ತು. ಜಾಗ ಸಾಲದೆ ಇನ್ನೆರಡು ತರಿಸಿದ್ದೆವು. ಅವನ್ನು ಸೇರಿಸಲು ಸೆಟಪ್ ಬದಲಿಸಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ಮೊದಲು ಕ್ಯಾಸೆಟ್ಟಿಗೆ ಕಾಪಿ ಮಾಡಿಕೊಳ್ಳಿ ಎಂದು ಗುಲಬರ್ಗಾದ ಇಂಜಿನಿಯರ್ ಫೋನಿನಲ್ಲಿ ಹೇಳಿದ್ದರು. ನಾನೂ ದಿನಾ ಹೇಳಿದೆ. "ಹಬ್ಬ ಮುಗೀಲಿ ಬಿಡು," ಎಂದರು ಇವರು.

ಅದರಲ್ಲಿ ನಿಂಬರ್ಗಾದ ಒಬ್ಬ ಹುಡುಗಿಯ ಮದುವೆಯಿತ್ತು. ಮದುವೆಯಾದ ಸ್ವಲ್ಪ ದಿನಕ್ಕೇ ಅವಳ ತಾಯಿ ತೀರಿಕೊಂಡರು. ಮನೆಯಲ್ಲಿ ಆ ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಶೂಟಿಂಗ್ ಕ್ಯಾಸೆಟ್ಟಿನ ಮೇಲೆ ನಮ್ಮವರು ಆಗಲೇ ಬೇರೆ ಮದುವೆ ತೆಗೆದಿದ್ದರು. ಟಿಪಿಕಲ್. ಸಂತೆಗೆ ಬಂದಾಗಲೆಲ್ಲ ಹುಡುಗಿ ಬಾಗಿಲಲ್ಲಿ ನಿಲ್ಲುವಳು. "ಅಕ್ಕೋರ, ನಮ್ಮವ್ವನ ಕ್ಯಾಸೆಟ್ ಆತೇನ್ರಿ?"

ಆಯುಧಪೂಜೆಯ ದಿನ ನಾನು ಹೋಳಿಗೆ ಬೇಯಿಸಿ ಬರುವಷ್ಟರಲ್ಲಿ ಇವರು ನಾಲ್ಕೂ ಡಿಸ್ಕುಗಳನ್ನು ಎಳೆದು ತೆಗೆದು, ತಾಟಿನಲ್ಲಿ ಸಾಲಾಗಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ, ಕೈಗೆ ಬಂದ ಹಾಗೆ ಮತ್ತೆ ತುರುಕಿದ್ದರು. ಮರುದಿನ ಗುಂಯ್ ಎಂದದ್ದೇನೋ ಸರಿ, ಮದುವೆ ಒಂದೂ ಇಲ್ಲ. ಹೊಸದಾಗಿ ಶುರು ಮಾಡಲೇ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ.

"ಯೆಸ್ ಒತ್ತು. ಶುರು ಆಗ್ಲಿ."

"ಒತ್ತಿದ್ರ ಎಲ್ಲಾ ಅಳಸ್ತದರೀ."

"ನಿಂದೊಂದು ಇಂಗ್ಲಿಷ್ ಬ್ಯಾರೆ."

ಪೇಷನ್ಸ್ ದೊಡ್ಡ ಗುಣವೆಂದು ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ್ದರು. ಅವರೇನು ಇವರ ಜೊತೆ ಸಂಸಾರ ಮಾಡಿದ್ದರೇ? ವೈರನ್ನೇ ಕಿತ್ತು ಕೈಯಲ್ಲಿ ಹಿಡಿದು ಕುಳಿತೆ.

ಇಂಜಿನಿಯರ್ ಬಂದರು. "ಯಾವ್ದು ಮೊದಲಿಂದು ಅಂತ ನಂಬರ್ ಬರ್ದಿಟ್ಟಿಲ್ಲೇನ್ರಿ? ತಪ್ಪು ಸಾಲಿನಾಗ ಹಾಕಿದ್ರ ಇದ್ದದ್ದೂ ಕೆಡ್ತದ."

"ಪೂಜಾಕ್ಕಿಟ್ಟದ್ದಕ್ಕ ಯಾರರ ನಂಬರ್ ಹಾಕ್ತಾರೇನು?" ಎಂದರು ಇವರು.

ಸಿಟ್ಟಿನಿಂದಲೇ ಡಿಸ್ಕುಗಳನ್ನು ನೋಡುತ್ತಿದ್ದೆ. ಒಂದರ ಮೇಲೆ ವಿಭೂತಿ ದಪ್ಪ, ಇನ್ನೊಂದರ ಮೇಲೆ ತೆಳು, ಮತ್ತೊಂದರ ಮೇಲೆ ಇನ್ನೂ ತೆಳು, ಉಳಿದದ್ದರ ಮೇಲೆ ಬರೀ ಗೀರು. ಹಬ್ಬದಲ್ಲಿ ನಮಗೆ ಹಚ್ಚುವಾಗಲೂ ಇವರದು ಅದೇ ರೂಢಿ: ಬೆರಳನ್ನು ಒಂದೇ ಸಲ ಅದ್ದಿ ಸಾಲಿನುದ್ದಕ್ಕೂ ಎಳೆಯುವುದು. ಕೊನೆಗೆ ನಿಲ್ಲುವ ನನ್ನ ಹಣೆಗೆ ಒಣ ಬೆರಳೇ ಸಿಗುತ್ತಿತ್ತು.

"ಮ್ಯಾಲಿನಿಂದ ಒಂದೊಂದ ತಗದು ಸಾಲಾಗಿ ಇಟ್ಟೀರೇನ್ರಿ?" ಎಂದೆ.

"ಹೂಂ. ಮತ್ತೆ ಕೆಳಗಿನಿಂದ ಯಾರ್ ತಗೀತಾರ?"

ದಪ್ಪದ್ದು ಮೇಲೆ, ಗೀರಿನದು ಕೆಳಗೆ ಇರಿಸಿ ಹಾಕಿಸಿದೆ. ಮದುವೆಗಳೆಲ್ಲ ಮರಳಿ ಬಂದವು. ಇವರದು ಆಗಲೇ ಅವಸರ: "ಜೇವರ್ಗಿ ಪಾರ್ಟಿ ಕಾಯಾಕತ್ತದ, ಸೆಟಪ್ ಲಗೂ ಬದಲಿ ಮಾಡ್ರಿ." ಎಲ್ಲ ಕಾಪಿಯಾಗುವ ತನಕ ಡಬ್ಬಿಗೆ ಕೈ ಹಚ್ಚಗೊಡಲಿಲ್ಲ ನಾನು. ಮೊದಲು ಕ್ಯಾಸೆಟ್ಟಿಗೆ ಇಳಿಸಿದ್ದು ನಿಂಬರ್ಗಾದ್ದು.

ಸಂತೆಯ ದಿನ ಹುಡುಗಿ ಬಂದಳು. ಟಿವಿಯಲ್ಲಿ ಅವಳವ್ವ ಆರತಿ ಹಿಡಿದು ಬಂದು, ಕ್ಯಾಮೆರಾ ಕಂಡು ನಾಚಿ ಸೆರಗು ಎಳೆದುಕೊಂಡರು. ಅಷ್ಟೇ.

"ಇನ್ನೊಮ್ಮಿ ತಿರುಗಸ್ರಿ, ಅಕ್ಕೋರ."

ಕರೆಂಟು ಹೋಗುವ ತನಕ ತಿರುಗಿಸಿದೆ. ಆಮೇಲೆ ಅವಳು ಕ್ಯಾಸೆಟ್ ತೆಗೆದುಕೊಂಡು ಎದ್ದಳು. "ನಮ್ಮ ಮನ್ಯಾಗ ಟಿವಿ ಇಲ್ರಿ. ಇರ್ಲಿ, ಅವ್ವ ಕೈಯಾಗರ ಅದಾಳಲ್ಲ." ನಿಂಬರ್ಗಾ ಬಸ್ಸಿನ ಕಿಟಕಿಯ ಪಕ್ಕ ಕುಳಿತು, ಬಿಸಿಲು ತಾಗದಂತೆ ಕ್ಯಾಸೆಟ್ಟಿಗೆ ಸೆರಗು ಹೊದಿಸುತ್ತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.