ದೊಡ್ಡಪ್ಪನ ಹೊಟ್ಟೆಗೆ ಅಣಬೆ ಸಾರು

ಎಪ್ಪತ್ತರ ದಶಕದ ಒಂದು ಮುಂಗಾರು. ಬೆಂಗಳೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ನಾನು ರಜೆಗೆಂದು ನಮ್ಮೂರು ಕೊತ್ತತ್ತಿಗೆ ಬಂದಿದ್ದೆ. ದೊಡ್ಡಪ್ಪ ಭೇದಿಗೆ ಮಂಡ್ಯದ ಡಾಕ್ಟರು ಕೊಟ್ಟ ಕ್ಯಾಪ್ಸೂಲು ನುಂಗಿ ಮುಗಿಸಿದ್ದರು. ಭೇದಿ ನಿಂತಿತ್ತು, ಹೊಟ್ಟೆ ಮಾತ್ರ ಸರಿಹೋಗಿರಲಿಲ್ಲ. ಬರುವ ಭಾನುವಾರ ನಿಡಘಟ್ಟದಲ್ಲಿ, ಹೊಸದಾಗಿ ಮದುವೆಯಾದ ಮಗಳ ಮಾವನ ಮನೆಯಲ್ಲಿ ಬೀಗರೂಟ, ಅಂದರೆ ಭರ್ತಿ ಮಾಂಸದೂಟ. ಹೊಟ್ಟೆ ಗಟ್ಟಿಯಾಗದೆ ಬಾಡು ಮುಟ್ಟಕೂಡದೆಂದು ದೊಡ್ಡಮ್ಮ ತೀರ್ಪು ಕೊಟ್ಟಿದ್ದರು.

"ನೀನು ಓದಿರೋನು. ಬಾನುವಾರದೊಳಗೆ ಏನಾದ್ರೂ ಮಾಡ್ಲಾ," ಎಂದರು ದೊಡ್ಡಪ್ಪ.

ಕ್ಯಾಪ್ಸೂಲು ಕೆಟ್ಟ ಬ್ಯಾಕ್ಟೀರಿಯಾದ ಜೊತೆ ಒಳ್ಳೆಯದನ್ನೂ ಕೊಂದಿದೆ ಎಂದೆ. ಅಣಬೆಯಲ್ಲಿ ಉದ್ದನೆಯ ಸಕ್ಕರೆ ಸರಪಳಿಗಳಿವೆ. ಅವು ನಮಗೆ ಅರಗುವುದಿಲ್ಲ, ಕರುಳಿಗಿಳಿದು ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಆಹಾರವಾಗುತ್ತವೆ, ಮೈಯ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸಬಹುದು ಎಂದೆ. ಇಷ್ಟೆಲ್ಲ ಆಗ ನನಗೆ ಗೊತ್ತಿತ್ತೇ? ಆಮೇಲೆ ಓದಿದ್ದನ್ನು ಅಂದಿನ ನನ್ನ ಬಾಯಿಗೆ ತುರುಕುತ್ತಿದ್ದೇನೋ ಏನೋ. ದೊಡ್ಡಪ್ಪ ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಅಂದ್ರೆ ಒಟ್ಟೇಲಿ ದನ ಕಟ್ಕಂಡು ಮೇವಾಕು ಅಂತೀಯಾ?"

"ಹೆಚ್ಚೂಕಡಿಮೆ ಹಾಗೇ, ದೊಡ್ಡಪ್ಪ."

"ಆಲು ಕೊಡ್ತವಾ?"

ಗುಡುಗಿದ ಮಾರನೆಯ ಬೆಳಿಗ್ಗೆ ನಾಲೆ ಏರಿಯ ಹುತ್ತದ ಬಳಿ ಅಣಬೆ ಎದ್ದಿತ್ತು. ದೊಡ್ಡಮ್ಮ ತಿನ್ನುವ ಅಣಬೆಯೇ ಎಂದು ಖಾತ್ರಿ ಮಾಡಿಕೊಂಡು ಒಲೆಗಿಟ್ಟರು. ನಮ್ಮಲ್ಲಿ ಅಣಬೆಗೆ ಬಾಡಿನ ಮಸಾಲೆ ಬಿಟ್ಟು ಬೇರೆ ಇಲ್ಲ: ಹುರಿದ ಈರುಳ್ಳಿ, ಚಕ್ಕೆ, ಲವಂಗ, ಕಾಯಿ, ಕಣ್ಣಲ್ಲಿ ನೀರು ಬರಿಸುವ ಖಾರ. ಪಥ್ಯದ ಅಣಬೆಗೂ ಅದೇ ಬಿತ್ತು. ಯಾರಿಗೂ, ನನಗೂ, ಅದು ತಪ್ಪೆನಿಸಲಿಲ್ಲ. ದೊಡ್ಡಪ್ಪ ದನಗಳ ಹೆಸರಲ್ಲಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಮಧ್ಯಾಹ್ನದಿಂದ ಚೊಂಬು ಹಿಡಿದು ಗದ್ದೆ ಕಡೆಗೆ ಓಟ ಶುರುವಾಯಿತು.

"ಲೇ, ನಿನ್ ದನ ಅಗ್ಗ ಕಿತ್ಕಂಡವೆ ಕಣ್ಲಾ!"

ಅದೇ ಹೊತ್ತಿಗೆ ಊಟಕ್ಕೆ ಕರೆಯಲು ಬೀಗರು ಬಂದರು. ಹೊಸ ಬೀಗರ ಮುಂದೆ ಭೇದಿಯ ವಿಷಯ ಹೇಳುವುದುಂಟೇ? ದೊಡ್ಡಪ್ಪ ಚೊಂಬನ್ನು ಬೆನ್ನ ಹಿಂದೆ ಹಿಡಿದು, "ಒಟ್ಟೆಗೆ ಅಣಬೆ ಬುಟ್ರೆ ಇಲ್ಲ ಬೀಗ್ರೇ. ನಮ್ಮುಡುಗ ಓದವ್ನೆ," ಎಂದು ಭಾಷಣ ಬಿಗಿದರು. ಬೀಗರು ಬೆರಗಾಗಿ ಹೋದರು.

ಆಮೇಲೆ ಮಜ್ಜಿಗೆ ಅನ್ನ ಉಂಡು ಹೊಟ್ಟೆ ಸರಿಹೋಯಿತು. ಮಜ್ಜಿಗೆಯಿಂದಲೋ ಅಣಬೆಯಿಂದಲೋ ಇಂದಿಗೂ ಹೇಳಲಾರೆ. ದೊಡ್ಡಮ್ಮ ಅಪ್ಪಣೆ ಕೊಟ್ಟರು. ಭಾನುವಾರ ನಿಡಘಟ್ಟದ ಪಂಕ್ತಿಯಲ್ಲಿ ಬಾಡಿನ ಬಕೆಟ್ಟು ನನ್ನ ಎಲೆಯ ಮುಂದೆ ನಿಂತು, ದೊಡ್ಡಪ್ಪನನ್ನು ದಾಟಿ ಹೋಯಿತು. ಬೀಗರೇ ಖುದ್ದಾಗಿ ಒಂದು ಪಾತ್ರೆ ಹಿಡಿದು ಬಂದರು.

"ನಿಮಗೇಂತ ಬ್ಯಾರೆ ಮಾಡ್ಸಿವ್ನಿ ಬೀಗ್ರೇ. ಅಣಬೆ ಸಾರು!"

ದೊಡ್ಡಪ್ಪ ನನ್ನ ಎಲೆ ನೋಡಿದರು, ನನ್ನ ಮುಖ ನೋಡಿದರು.

"ಬುಡಿ ಬೀಗ್ರೇ. ದನಾನೂ ಒಂದಿನ ಉಪವಾಸ ಇರ್ಲಿ."

"ಎಲ್ಲಾರಾ ಉಂಟಾ!" ಎಂದು ಬೀಗರು ಪಾತ್ರೆಯನ್ನೇ ಬಗ್ಗಿಸಿದರು.