ರೇಷ್ಮಾಳ ಗಂಟಲು ಕೆಡಿಸಿದ ಬೇಸಿಗೆ

ಗೆಳತಿಗೆ ಒಂದು ಹಾಡು ಕೊಡಬೇಕೆಂದರೆ ಎರಡು ಮೊಬೈಲುಗಳನ್ನು ಪಕ್ಕಪಕ್ಕದಲ್ಲಿಟ್ಟು, ಅದು ಪೂರ್ತಿ ದಾಟಿಹೋಗುವವರೆಗೆ ಅಲುಗಾಡದೆ ಕೂತಿರುತ್ತಿದ್ದ ದಿನಗಳು ಅವು. ನಾನು ಆಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದೆ. ಸುಗಟೂರಿನ ನಮ್ಮ ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಹುಳುಮನೆ ಇತ್ತು. ಆ ಬೇಸಿಗೆ ಹಿಪ್ಪುನೇರಳೆ ಸೊಪ್ಪು ಸಾಲದೆಂದು ಅಪ್ಪ ಹುಳು ತಂದಿರಲಿಲ್ಲ. ಖಾಲಿ ಬಿದ್ದಿದ್ದ ಆ ಮನೆಯನ್ನು ಚಿಕ್ಕಪ್ಪನ ಮಗ ಆನಂದಣ್ಣ ಎರಡು ತಿಂಗಳ ಮಟ್ಟಿಗೆ ಕೇಳಿಕೊಂಡ. ಅಲ್ಲಿ ಸ್ಟುಡಿಯೋ ಮಾಡಿ, ಐದು ಹಾಡಿನ ರಾಕ್ ಆಲ್ಬಮ್ ರೆಕಾರ್ಡ್ ಮಾಡುತ್ತಾನಂತೆ.

"ರಾಕ್ ಅಂದ್ರೆ ಏನ್ಲಾ?" ಅಂದಳು ಅಜ್ಜಿ.

"ಗಟ್ಟಿಯಾಗಿ ಹಾಡೋದು ಅಜ್ಜಿ."

"ಅದಕ್ಕೆ ಮನೆ ಯಾಕೋ? ಹೊಲದಲ್ಲಿ ನಿಂತ್ಕೊಂಡು ಹಾಡು."

ಆನಂದಣ್ಣ ಗಿಟಾರ್ ನುಡಿಸುತ್ತಿದ್ದ. ಅವನ ಕಾಲೇಜಿನ ಗೆಳೆಯ, ತಾಯಲೂರಿನ ವೆಂಕಿ, ಡ್ರಮ್ಸ್ ಬಾರಿಸುತ್ತಿದ್ದ. ಹಾಡುವವಳು ನಾನು. ಹಾಗೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲವೆಂದು ನಾನು ತಿಳಿದಿದ್ದೆ. ನಾಲ್ಕನೇ ತರಗತಿಯಿಂದ ಶಾಲೆಯ ಪ್ರಾರ್ಥನೆಗೆ ಮುಂದೆ ನಿಲ್ಲುತ್ತಿದ್ದವಳು ನಾನೇ. ಗಾಯನ ಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಡಬ್ಬಿಗಳಲ್ಲೇ ಅಮ್ಮ ಬೇಳೆಕಾಳು ತುಂಬಿಡುತ್ತಿದ್ದಳು.

ಖಾಲಿ ಹುಳುಮನೆಯಲ್ಲಿ ದನಿ ಗೋಡೆಗೆ ಹೊಡೆದು ವಾಪಸ್ಸು ಬರುತ್ತಿತ್ತು. ಗೋಡೆಗೆಲ್ಲ ಹಾಸಿಗೆ ಕಟ್ಟಬೇಕು ಅಂದ ಆನಂದಣ್ಣ. ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ರೇಷ್ಮಾಳ ಅಪ್ಪನಿಗೆ ಕೋಲಾರದಲ್ಲಿ ಹಾಸಿಗೆ ಹೊಲಿಯುವ ಅಂಗಡಿಯಿತ್ತು. ನಾನೇ ಅವಳಿಗೆ ಫೋನ್ ಮಾಡಿ, "ಹಳೇ ಹಾಸಿಗೆ ಇದ್ರೆ ತಗೊಂಡು ಬಾರೇ" ಎಂದೆ. ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ, ಕರೆದವಳು ನಾನೇ ಅಲ್ಲವೇ ಎಂದು.

ಲಗೇಜ್ ಆಟೋದಲ್ಲಿ ನಾಲ್ಕು ಹಾಸಿಗೆಗಳ ಮೇಲೆ ಕೂತು ರೇಷ್ಮಾ ಬಂದಿಳಿದಳು. ಅವುಗಳನ್ನು ಗೋಡೆಗೆ ಬಿಗಿದ ಮೇಲೆ ಹುಳುಮನೆಯಲ್ಲಿ ಹಳೇ ಹತ್ತಿಯ ವಾಸನೆ, ಒಣಗಿದ ಸೊಪ್ಪಿನ ವಾಸನೆ, ಬ್ಲೀಚಿಂಗ್ ಪೌಡರಿನ ಘಾಟು ಎಲ್ಲವೂ ಒಂದಾದವು. ಇದ್ದದ್ದು ಒಂದೇ ಮೈಕು. ಅದಕ್ಕೆ ಉಸಿರು ಬಡಿಯದಂತೆ ಕಸೂತಿ ಹಾಕುವ ಬಳೆಗೆ ಅಮ್ಮನ ಹಳೇ ನೈಲಾನ್ ಸೀರೆಯ ತುಂಡು ಬಿಗಿದು ಎದುರಿಗೆ ಇಟ್ಟೆವು. ಹಾಡುವಾಗ ಫ್ಯಾನ್ ಹಾಕುವಂತಿರಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ಬೆವರು ಸುರಿಸುತ್ತ ಒಂದು ಚರಣ ಮುಗಿಸುವಷ್ಟರಲ್ಲಿ ಹಸು ಅಂಬಾ ಅನ್ನುತ್ತಿತ್ತು, ಇಲ್ಲವೇ ಹಾಲಿನ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಮತ್ತೆ ಮೊದಲಿಂದ. ಕರೆಂಟ್ ಹೋದಾಗ ನಾನು, ರೇಷ್ಮಾ ಹುಳುಮನೆಯ ನೆರಳಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಹಾಡಿನಲ್ಲಿ ಅವಳಿಗೇನೂ ಕೆಲಸವಿರಲಿಲ್ಲ. ಆದರೂ ದಿನವೂ ಬಸ್ಸು ಹತ್ತಿ ಬರುತ್ತಿದ್ದಳು. ನನಗೂ ಅವಳಿದ್ದರೇ ಹಿತವೆನಿಸುತ್ತಿತ್ತು.

ನಾಲ್ಕು ಹಾಡು ನಾನೇ ಹಾಡಿ ಮುಗಿಸಿದೆ. ಉಳಿದದ್ದು ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು, 'ನಿಲ್ಸೋ'. ಊರಿನ ಮಕ್ಕಳನ್ನು ಬಿಟ್ಟು ನಿಲ್ಲದೇ ಹೋಗುವ ಬೆಳಗಿನ ಬಸ್ಸಿನ ಮೇಲೆ ಆನಂದಣ್ಣ ಬರೆದದ್ದು. ಹನ್ನೊಂದು ಸಲ ಹಾಡಿದೆ. ಅವನು ಕಿವಿಯಿಂದ ಹೆಡ್‌ಫೋನ್ ತೆಗೆದಿಟ್ಟ.

"ಶೈಲೂ, ಬಸ್ಸು ಹೋಗ್ಬಿಡ್ತು ಅಂತ ನಿಂಗೆ ಸಿಟ್ಟೇ ಬರ್ತಿಲ್ವಲ್ಲೇ."

"ಶ್ರುತಿ ತಪ್ತಾ ಅಣ್ಣಾ?"

"ಶ್ರುತಿ ಸರಿಯಾಗಿದೆ ಕಣೇ. ಆದ್ರೆ ಇದು ಪ್ರಾರ್ಥನೆ ಅಲ್ಲ."

ನೀರು ಕುಡಿದು ಬರಲು ಅಡುಗೆಮನೆಗೆ ಹೋದೆ. ಮೈಕು ಸರಿಹೊಂದಿಸಲು ವೆಂಕಿ ಅಲ್ಲೇ ಇದ್ದ ರೇಷ್ಮಾಳನ್ನು ನಿಲ್ಲಿಸಿ, ಏನಾದರೂ ಕೂಗು ಎಂದನಂತೆ. ನಾನು ಅಂಗಳ ದಾಟುತ್ತಿದ್ದಾಗ ಒಳಗಿಂದ "ನಿಲ್ಸೋ!" ಎಂಬ ಕೂಗು ಬಂತು. ಅಂಗಡಿಯ ಹತ್ತಿ ಬಿಡಿಸುವ ಮೆಷಿನ್ನಿನ ಸದ್ದನ್ನು ಮೀರಿ ತನ್ನಪ್ಪನನ್ನು ದಿನಾ ಊಟಕ್ಕೆ ಕರೆದು ಬಲಿತ ಗಂಟಲದು. ಒಳಗೆ ಹೋದರೆ ವೆಂಕಿ ಕಣ್ಣರಳಿಸಿ, "ಏಮಿ ಗೊಂತು ರಾ ನಾಯನಾ!" ಅನ್ನುತ್ತಿದ್ದ. ಎಂಥ ಕಂಠವಪ್ಪಾ ಎಂದು ಅವನು ನನ್ನ ಹಾಡಿಗೆ ಒಂದು ದಿನವೂ ಅಂದವನಲ್ಲ.

"ನಾಡಿದ್ದು ಈ ಹಾಡು ರೇಷ್ಮಾ ಹಾಡ್ಲಿ" ಅಂದ ಆನಂದಣ್ಣ, ನನ್ನ ಕಡೆ ನೋಡದೆ ವೈರು ಸುತ್ತುತ್ತಾ. "ಶೈಲು, ನೀನು ಹಿಂದೆ ಕೋರಸ್ ಕೊಡು."

ಆವತ್ತು ಮಧ್ಯಾಹ್ನ ಅಮ್ಮ ರೇಷ್ಮಾಳ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಬಸ್ಸಾರು ಬಡಿಸಿ, ಮೇಲೊಂದು ಚಮಚ ತುಪ್ಪ ಹಾಕಿದಳು. "ಹಾಡೋ ಹುಡುಗಿ, ಚೆನ್ನಾಗಿ ತಿನ್ನಮ್ಮ." ನಾಲ್ಕು ಹಾಡು ಹಾಡಿದವಳು ಪಕ್ಕದಲ್ಲೇ ಕೂತಿದ್ದೆ. ಎದ್ದು ಕೈತೊಳೆಯುವಷ್ಟರಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಿಬಿಟ್ಟಿದ್ದೆ.

"ನಾಳೆ ಹೆಂಗೂ ರೆಕಾರ್ಡಿಂಗ್ ಇಲ್ಲ. ಶ್ರೀನಿವಾಸಪುರಕ್ಕೆ ಹೋಗಿ ಬರೋಣ್ವಾ? ನಮ್ಮ ದೊಡ್ಡಮ್ಮನ ಮಾವಿನ ತೋಟ ಇದೆ" ಎಂದೆ.

ಹುಳಿ ಮತ್ತು ತಣ್ಣನೆಯದು ಗಂಟಲಿಗೆ ಶತ್ರು ಎಂದು ಶಾಲೆಯ ಸಂಗೀತದ ಮೇಡಂ ಹೇಳಿದ್ದರು. ಹಾಡು ಶುರುವಾದಂದಿನಿಂದ ನಾನು ಮಾವಿನಕಾಯಿ ಮುಟ್ಟಿರಲಿಲ್ಲ. ತೋಟದಲ್ಲಿ ಕಾಯಿ ಜಜ್ಜಿ, ಉಪ್ಪು ಖಾರ ಸವರಿ ಅವಳ ಕೈಗೆ ಕೊಡುತ್ತಾ ಹೋದೆ. ನಾನು ಮಾತ್ರ ಬೆರಳಿಗಂಟಿದ ಉಪ್ಪು ನೆಕ್ಕಿದೆ. ಅವಳು ಕಣ್ಣು ಮುಚ್ಚಿ, ಹಲ್ಲು ಚುಳ್ಳೆಂದು ಮೈ ಜುಮ್ಮೆಂದರೂ ಇನ್ನೊಂದು, ಇನ್ನೊಂದು ಎನ್ನುತ್ತಿದ್ದಳು. ಆಮೇಲೆ ಒಂದು ಆಟ ಹೂಡಿದೆ. ತೋಟದ ಈ ತುದಿಯಿಂದ ಆ ತುದಿಗೆ ಕೂಗಬೇಕು, ಕೇಳಿಸಿದರೆ ಗೆದ್ದಂತೆ. ಅವಳು ಮರದ ಬೊಡ್ಡೆ ಹಿಡಿದು "ಶೈಲೂ! ಶೈಲೂ!" ಎಂದು ಕೂಗಿದಳು. ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ನಾನು ಕೇಳಿಸಲಿಲ್ಲವೆಂದು ಕೈಯಾಡಿಸುತ್ತಲೇ ಇದ್ದೆ. ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ಯಾಂಡಿ ಕೊಡಿಸಿದೆ.

"ನಿಂಗೆ?"

"ಹಲ್ಲು ನೋವು ಕಣೇ."

ಮರುದಿನ ರೇಷ್ಮಾ ಕುತ್ತಿಗೆಗೆ ದುಪ್ಪಟ್ಟಾ ಸುತ್ತಿಕೊಂಡು ಬಂದಳು. "ಗಂಟಲು ಕಟ್ಬಿಟ್ಟಿದೆ ಅಣ್ಣಾ" ಅಂದಾಗ ಗರಗಸ ಎಳೆದಂತಿತ್ತು ದನಿ. ಖುಷಿ ಕಾಣಬಾರದೆಂದು ನಾನು ತಲೆ ತಗ್ಗಿಸಿದೆ.

"ಬಂದಿದ್ದೀಯಲ್ಲ, ಒಂದು ಸಲ ನೋಡೋಣ" ಅಂದ ಆನಂದಣ್ಣ. ಕೋರಸ್ ಕೊಡಬೇಕಲ್ಲ, ನನ್ನ ಕಿವಿಗೂ ಹೆಡ್‌ಫೋನ್ ಹಾಕಿದರು. ಅವಳ ಒಂದೊಂದು ಉಸಿರೂ ನನ್ನ ತಲೆಯೊಳಗೇ ಎದ್ದಂತೆ ಕೇಳುತ್ತಿತ್ತು. ಮೊದಲ ಚರಣವನ್ನು ತಡವರಿಸಿ ದಾಟಿದಳು. ಎರಡನೇ ಸಲ "ನಿಲ್ಸೋ" ಎಂದು ಎತ್ತಿದಾಗ ದನಿ ನಡುವೆ ಸೀಳಿಹೋಯಿತು. ಅವಳು ನಿಲ್ಲಿಸಲಿಲ್ಲ, ಆ ಸೀಳನ್ನೇ ಹಿಡಿದು ಮೇಲಕ್ಕೆ ಹೋದಳು. ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡು ರಸ್ತೆಯಲ್ಲಿ ನಿಂತವಳಂತೆ, ಅಳುವೂ ಅಲ್ಲದ ಬೈಗುಳವೂ ಅಲ್ಲದ ದನಿ. ನನ್ನ ಮೈಯ ರೋಮವೆಲ್ಲ ಎದ್ದುನಿಂತಿತು. ಅದಕ್ಕಾಗಿ ಅವಳನ್ನು ಇನ್ನಷ್ಟು ದ್ವೇಷಿಸಿದೆ.

ಹಾಡು ಮುಗಿದಾಗ ಆನಂದಣ್ಣ ಹೆಡ್‌ಫೋನ್ ತೆಗೆದು, "ಇದೇ ಕಣಮ್ಮ ನಂಗೆ ಬೇಕಾಗಿದ್ದು. ಒಂದೇ ದಿನದಲ್ಲಿ ಈ ಗಂಟಲು ಎಲ್ಲಿಂದ ತಂದೆ?" ಎಂದ.

ರೇಷ್ಮಾ ನನ್ನತ್ತ ಕೈ ತೋರಿಸಿದಳು. "ಶೈಲು ತೋಟಕ್ಕೆ ಕರ್ಕೊಂಡು ಹೋಗಿದ್ಲು ಅಣ್ಣಾ," ಅವಳ ದನಿ ಪಿಸುಮಾತಿಗೆ ಇಳಿದಿತ್ತು, "ನನ್ನನ್ನ ಯಾರೂ ಹಂಗೆ ಎಲ್ಲಿಗೂ ಕರ್ಕೊಂಡು ಹೋಗೇ ಇರ್ಲಿಲ್ಲ."

ನಾನು ಮೈಕಿನ ಮುಂದೆ ನಿಂತು ನಾಲ್ಕು ಕಡೆ ಕೋರಸ್ ಕೊಟ್ಟೆ. ಶ್ರುತಿ ಎಲ್ಲೂ ತಪ್ಪಲಿಲ್ಲ.

ಎಂಟು ದಿನ ಅವಳಿಗೆ ಮಾತೇ ಹೊರಡಲಿಲ್ಲ. ಆದರೂ ಬಂದಳು, ಜೊತೆಗೊಂದು ನೋಟ್‌ಬುಕ್ ತಂದಳು. ನಾನು ಮುಖ ಕೊಟ್ಟು ಮಾತಾಡುತ್ತಿರಲಿಲ್ಲವಾದ್ದರಿಂದ ಅದರಲ್ಲಿ "ಕೋಪಾನಾ?" ಎಂದು ಬರೆದು ತೋರಿಸಿದಳು. ಇಲ್ಲವೆಂದು ತಲೆಯಾಡಿಸಿದೆ. ಮಾತು ಬರುತ್ತಿದ್ದ ನಾನೂ ಬಾಯಿ ಬಿಡಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಆ ಹಾಡು ಎಲ್ಲರ ಮೊಬೈಲಿಗೂ ಹೋಗಿತ್ತು. ಉಳಿದ ನಾಲ್ಕನ್ನು ಯಾರೂ ಕೇಳಿದಂತೆ ಕಾಣಲಿಲ್ಲ. "ನೀನೂ ಇದೀಯಂತಲ್ಲ ಅದ್ರಲ್ಲಿ?" ಎಂದು ಒಬ್ಬಳು ಕೇಳಿದ ದಿನ, ಬೋರ್ಡು ಕಾಣಿಸುವುದಿಲ್ಲವೆಂದು ಮೇಷ್ಟ್ರಿಗೆ ಹೇಳಿ ಮುಂದಿನ ಬೆಂಚಿಗೆ ಹೋದೆ. ಬೇರೆ ಯಾರೂ ಕೂರದಂತೆ ರೇಷ್ಮಾ ನನ್ನ ಜಾಗದಲ್ಲಿ ತನ್ನ ಬ್ಯಾಗ್ ಇಟ್ಟುಕೊಂಡು ಸುಮಾರು ದಿನ ಕಾದಳು. ದಸರಾ ರಜೆ ಮುಗಿಸಿ ಬಂದಾಗ ಅಲ್ಲಿ ಇನ್ನೊಬ್ಬಳು ಕೂತಿದ್ದಳು.

ಈಗ ಹುಳುಮನೆಯಲ್ಲಿ ಮತ್ತೆ ಹುಳು ಮೇಯುತ್ತಿವೆ. ಆನಂದಣ್ಣ ಕೋಲಾರದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾನೆ. ಅವನ ಹಳೇ ಕಂಪ್ಯೂಟರ್ ಕೆಟ್ಟಾಗ ಆಲ್ಬಮ್ ಅದರೊಂದಿಗೇ ಹೋಯಿತು. ಗೊತ್ತಿದ್ದವರನ್ನೆಲ್ಲ ಕೇಳಿ ನೋಡಿದೆ, ಯಾರ ಬಳಿಯೂ ಇಲ್ಲ. ನಾನು ಮಾಲೂರಿನ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತೇನೆ. ಚೆನ್ನಾಗಿ ಹಾಡುವ ಮಕ್ಕಳು ಸಿಗುತ್ತಾರೆ, ಸಂತೋಷವಾಗುತ್ತದೆ. ಆದರೆ ಯಾರ ದನಿಗೂ ಮೈಯ ರೋಮ ಹಾಗೆ ಎದ್ದುನಿಂತದ್ದಿಲ್ಲ.

ಕಳೆದ ವರ್ಷ ಮುಳಬಾಗಿಲಿನ ಒಂದು ಮದುವೆಯಲ್ಲಿ ರೇಷ್ಮಾ ಸಿಕ್ಕಳು. ಅಲ್ಲೇ ನರ್ಸ್ ಆಗಿದ್ದಾಳೆ. ಇಬ್ಬರು ಮಕ್ಕಳು.

"ಈಗ್ಲೂ ಹಾಡ್ತೀಯೇನೇ?" ಕೇಳಿದೆ.

"ಅಯ್ಯೋ, ನಾನೆಲ್ಲಿ ಹಾಡ್ತೀನಿ! ಆವತ್ತು ಒಂದೇ ಸಲ" ಎಂದು ನಕ್ಕು, ತನ್ನ ಮಗಳನ್ನು ಮುಂದಕ್ಕೆ ಎಳೆದು ನನ್ನನ್ನು ತೋರಿಸಿದಳು. "ಹೇಳ್ತಿರ್ಲಿಲ್ವಾ? ಇವಳೇ ಶೈಲು. ನಮ್ಮ ಕ್ಲಾಸಲ್ಲಿ ಹಾಡೋಳು ಅಂದ್ರೆ ಇವಳೊಬ್ಬಳೇ."

ಹದಿನಾಲ್ಕನೇ ವಯಸ್ಸಿನಲ್ಲಿ ಯಾರಾದರೂ ಅನ್ನಲಿ ಎಂದು ನಾನು ಹಂಬಲಿಸಿದ್ದ ಮಾತು ಅದೊಂದೇ. ಆ ಹುಡುಗಿ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ಆವತ್ತು ತೋಟಕ್ಕೆ ಯಾಕೆ ಕರೆದೊಯ್ದೆನೆಂಬ ನಿಜ ಹೇಳಲು ಬಾಯಿ ತೆರೆದೆ. ರೇಷ್ಮಾ ಅಷ್ಟರಲ್ಲೇ ನನ್ನ ಕೈ ಹಿಡಿದು, ಊಟಕ್ಕೆ ಜಾಗ ಹಿಡಿಯೋಣ ಬಾ ಎಂದಳು. ಎಲೆಯ ಮುಂದೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತೆವು. ಎಷ್ಟೋ ವರ್ಷಗಳ ಮೇಲೆ ಸಿಕ್ಕವರು ಆಡುವಂಥ ಮಾತುಗಳನ್ನೇ ಆಡಿದೆವು: ಮಕ್ಕಳ ಶಾಲೆ, ಮನೆ ಬಾಡಿಗೆ, ಬಿಸಿಲು.